ಬಿಸಿಲು ನೆಳಲುಗಳ ಸಂಧಾನ

ಸೋಲಾಪುರದಿಂದ ಅಕ್ಕಲಕೋಟೆಯತ್ತ ಸಾಗುವ ದಾರಿಯಲ್ಲಿ, ಪೇಟೆಯ ಗದ್ದಲ ಹಿಂದುಳಿದು ಎರೆಹೊಲಗಳ ಕಪ್ಪು ಇಕ್ಕೆಲಗಳಲ್ಲಿಯೂ ಹರಡಿಕೊಳ್ಳುವ ಹೊತ್ತಿಗೆ ಎದುರಾಗುವ ನಮ್ಮ ಕುಂಭಾರಿಯನ್ನು ವೈಶಾಖದ ನಡುಹಗಲಿನಲ್ಲಿ ಕಂಡವರಿಗೆ, ಬೆಳಕೆಂಬುದು ನೋಟಕ್ಕೆ ಸಹಾಯವೋ ಅಥವಾ ನೋಟಕ್ಕೆ ಅಡ್ಡಿಯೋ ಎಂಬ ಸಂದೇಹ ಹುಟ್ಟಿದರೆ ಆಶ್ಚರ್ಯವಿಲ್ಲ. ಆಡಳಿತಕ್ಕೆ ಮಹಾರಾಷ್ಟ್ರದ ದಕ್ಷಿಣ ಸೋಲಾಪುರ ತಾಲ್ಲೂಕಿಗೆ ಸೇರಿ, ಮನೆಯೊಳಗಿನ ಮಾತಿಗೆ ಕನ್ನಡವನ್ನು ಉಳಿಸಿಕೊಂಡು ಬಂದಿರುವ ಈ ಸೀಮೆಯ ಹಳೆಯ ಮನೆಗಳೆಲ್ಲ ಬಿಸಿಲಿಗೆ ಬೆನ್ನು ತಿರುಗಿಸಿ ಕಟ್ಟಿದವು: ಎರಡು ಮೊಳ ದಪ್ಪದ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯಲ್ಲಿ ಅಂಗೈಯಗಲದ ಒಂದು ಬೆಳಕಿಂಡಿ. ಅಂಗಳದಿಂದ ಹೊಸ್ತಿಲು ದಾಟಿ ಬಂದವನು ಅರೆಗಳಿಗೆ ಕುರುಡನಂತೆ ನಿಂತು, ಕಣ್ಣು ಹೊಂದಿಕೊಂಡ ಮೇಲೆಯೇ ನೀರಿನ ಹರವಿ ಎಲ್ಲಿದೆಯೆಂದು ಕಂಡುಕೊಳ್ಳಬೇಕು.

ಅಂಥ ಒಂದು ಹೊಸ್ತಿಲಿನ ಮೇಲೆ ನಮ್ಮ ಆಯಿ ಕುಳಿತಿರುವ ಭಾವಚಿತ್ರವೊಂದು ಐವತ್ತಕ್ಕೂ ಮಿಕ್ಕಿದ ವರ್ಷಗಳಿಂದ ನಮ್ಮ ಪಡಸಾಲೆಯ ಗೂಟಕ್ಕೆ ತೂಗಿಕೊಂಡಿದೆ. ಸೋಲಾಪುರದ ಸ್ಟುಡಿಯೋ ಒಂದರಿಂದ ಬಸ್ಸಿನಲ್ಲಿ ಪೆಟ್ಟಿಗೆ ಹೊತ್ತು ಬಂದ ಛಾಯಾಗ್ರಾಹಕರು 1968ರ ಬೇಸಗೆಯಲ್ಲಿ ತೆಗೆದದ್ದು ಅದು. ಆಯಿಯ ಮುಖ ಸ್ಪಷ್ಟವಾಗಿದೆ. ಇಳಕಲ್ ಸೀರೆಯ ಸೆರಗಿನ ಗೆರೆಗಳನ್ನು ಎಣಿಸಬಹುದು. ಆಕೆಯ ಮುಂದಿನ ಅಂಗಳ ಮಾತ್ರ ಆಗತಾನೆ ಸುಣ್ಣ ಬಳಿದ ಗೋಡೆಯಂತೆ ಬರಿಯ ಬಿಳುಪು. ಬೆನ್ನ ಹಿಂದಿನ ಬಾಗಿಲೊಳಗೆ ಮಂಕಾದ ಬೂದು, ಅದರ ನಡುವೆ ಗುಂಡಗಿನ ಯಾವುದೋ ಒಂದು ಆಕಾರ. ತನ್ನ ಪ್ರತಿರೂಪವನ್ನು ಕಾಗದಕ್ಕೆ ಕೊಟ್ಟರೆ ಆಯುಷ್ಯ ಸವೆಯುವುದೆಂದು ನಂಬಿದ್ದ ಮುತ್ಯಾ ಕ್ಯಾಮೆರಾದ ಮುಂದೆ ಎಂದೂ ಕೂರಲಿಲ್ಲ. ಆದರೆ ಅಂದು ಒಳಗೆ ನಿಂತು ಇಣುಕಿದವನು ಆತನೇ, ಆ ಗುಂಡಗಿನದು ಆತನ ರುಮಾಲೇ ಎಂದು ನಮ್ಮ ಅತ್ತೆ ಇಂದಿಗೂ ಸಾಧಿಸುತ್ತಾಳೆ. ಏಳು ವರ್ಷದ ಹುಡುಗನಾಗಿದ್ದ ನಾನು, ಅಂಗಳದಲ್ಲಿ ಕಟ್ಟಿದ್ದ ಕರುವೂ ಒಳಗಿನ ತೊಟ್ಟಿಲೂ ಚಿತ್ರದಲ್ಲಿ ಬರಬೇಕೆಂದು ಹಟ ಹಿಡಿದಾಗ ಆ ಛಾಯಾಗ್ರಾಹಕರು ಕರಿಯ ಬಟ್ಟೆಯೊಳಗಿಂದ ತಲೆ ಹೊರಗೆ ತೆಗೆದು ಹೇಳಿದ್ದು ನೆನಪಿದೆ: “ತಮ್ಮಾ, ಹೊರಗ ಬೆಂಕಿ, ಒಳಗ ಮಸಿ. ಎರಡೂ ಒಂದ ಕಾಚಿನ್ಯಾಗ ಕೂಡಂಗಿಲ್ಲ. ಯಾವುದರ ಒಂದು ಬಿಡಬೇಕು.” ಗಾಜಿನ ಫಲಕ ಹೋಗಿ ಫಿಲಮ್ಮಿನ ಸುರುಳಿ ಬಂದು ಎಷ್ಟೋ ಕಾಲವಾಗಿದ್ದರೂ ಅವರ ಬಾಯಲ್ಲಿ ಅದು ಕಾಚೇ.

ಈಚೆಗೆ ಎಚ್‌ಡಿಆರ್ ಎಂಬ ಮೂರಕ್ಷರದಿಂದ ಪ್ರಸಿದ್ಧವಾಗಿರುವ, ಕಡುಬೆಳಕನ್ನೂ ಕಡುನೆಳಲನ್ನೂ ಒಂದೇ ಚಿತ್ರದಲ್ಲಿ ಕೂಡಿಸುವ ವಿದ್ಯೆ, ಮತ್ತು ಆ ವಿದ್ಯೆಯನ್ನು ನಡೆಸಿಕೊಡುವ ತಂತ್ರಾಂಶಗಳನ್ನು ಒಂದರ ಪಕ್ಕದಲ್ಲೊಂದನ್ನಿಟ್ಟು ತೂಗಿ ನೋಡುವ ರೂಢಿ, ಆ ಮಾತಿನ ‘ಬಿಡಬೇಕು’ ಎಂಬ ಕ್ರಿಯಾಪದದೊಡನೆ ಹೂಡಿದ ಜಗಳವೆಂದೇ ನನ್ನ ತಿಳಿವಳಿಕೆ. ಜಗಳ ಹೊಸದಲ್ಲ. ನಡುಹಗಲಿನ ಬಿಸಿಲಿನಲ್ಲಿ ಒಂದು ಲಕ್ಷ ಲಕ್ಸಿನಷ್ಟು ಬೆಳಕು ಬೀಳುವ ಅಂಗಳವೂ, ಐವತ್ತು ಲಕ್ಸಿಗೂ ಗತಿಯಿಲ್ಲದ ಒಳಮನೆಯೂ ಒಂದೇ ಚೌಕಟ್ಟಿನೊಳಗೆ ಬಂದಾಗ ಅವೆರಡರ ನಡುವಣ ಅಂತರ ಸಾವಿರಪಟ್ಟನ್ನು ಮೀರುತ್ತದೆ. ಕಣ್ಣು ತನ್ನ ಪಾಪೆಯನ್ನು ಹಿಗ್ಗಿಸಿ ಕುಗ್ಗಿಸಿ, ಅಕ್ಷಿಪಟಲದ ಸಂವೇದನೆಯನ್ನು ಕ್ಷಣಕ್ಷಣಕ್ಕೂ ತಿದ್ದಿಕೊಂಡು ಎರಡನ್ನೂ ಬೇರೆ ಬೇರೆಯಾಗಿ ಕಂಡು ಮನಸ್ಸಿನಲ್ಲಿ ಒಂದುಗೂಡಿಸಿಕೊಳ್ಳಬಲ್ಲುದು. ಆದರೆ ಒಳ್ಳೆಯ ಛಾಯಾಕಾಗದದ ಅತ್ಯಂತ ಬಿಳಿಗೂ ಅತ್ಯಂತ ಕಪ್ಪಿಗೂ ಇರುವ ಅಂತರ ಸುಮಾರು ನೂರುಪಟ್ಟಷ್ಟೆ. ಸಾವಿರವನ್ನು ನೂರರೊಳಗೆ ತುಂಬುವಾಗ ಯಾವುದನ್ನು ಒತ್ತಬೇಕು, ಯಾವುದನ್ನು ಹೊರಗುಳಿಸಬೇಕು ಎಂಬ ತೀರ್ಮಾನವೇ ಈ ಕಸುಬಿನ ಒಳತಿರುಳು, ಮತ್ತು ಆ ತೀರ್ಮಾನ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದೇ ಅದರ ಇತಿಹಾಸ.

ಆ ಇತಿಹಾಸವನ್ನು ನಮ್ಮ ಸೀಮೆಯ ಕಡೆಯಿಂದ ಬರೆಯಹೊರಟರೆ, ಸೋಲಾಪುರಕ್ಕೆ ಸುಮಾರು ನೂರು ಕಿಲೋಮೀಟರು ದೂರದ ವಿಜಯಪುರದಿಂದ ತೊಡಗುವುದು ನ್ಯಾಯ. ಮುಂಬಯಿಯಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಸ್ಥಾಪಿತವಾದ 1854ರ ಮರುವರ್ಷವೇ, ಮುಂಬಯಿ ಸರಕಾರವು ಪಶ್ಚಿಮ ಭಾರತದ ಪ್ರಾಚೀನ ವಾಸ್ತುಗಳ ಚಿತ್ರ ತೆಗೆಯಲೆಂದು ಥಾಮಸ್ ಬಿಗ್ಸ್ ಎಂಬ ಫಿರಂಗಿದಳದ ಅಧಿಕಾರಿಯನ್ನು ನಿಯಮಿಸಿತು. ಆತ ವಿಜಯಪುರ, ಬಾದಾಮಿ, ಐಹೊಳೆಗಳನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಹಿಡಿದನು. ಅಂದಿನ ರಾಸಾಯನಿಕಗಳಿಗೆ ನೀಲಿ ಬೆಳಕಿನ ಮೇಲೆ ಅತಿಮೋಹ, ಕೆಂಪಿನ ಮೇಲೆ ಅಂಧತ್ವ. ಆದಕಾರಣ ಕೆಂಗಲ್ಲಿನ ಬಾದಾಮಿಯ ಗುಹೆ ಮಸಿಯಾಗಿಯೂ ಅದರ ಮೇಲಣ ನೀಲಾಕಾಶ ಬರಿಯ ಬಿಳಿ ಕಾಗದವಾಗಿಯೂ ಮೂಡುವುದು ಸಹಜವಾಗಿತ್ತು. 1854ರ ಡಿಸೆಂಬರಿನಲ್ಲಿ ಹಳೇಬೀಡು ಬೇಲೂರುಗಳಿಗೆ ಬಂದ ಲಿನೇಯಸ್ ಟ್ರೈಪ್ ಎಂಬ ಸೈನಿಕನು, ಮುಂದೆ ಬರ್ಮಾದಲ್ಲಿಯೂ ಮದರಾಸು ಪ್ರಾಂತದಲ್ಲಿಯೂ ತೆಗೆದ ತನ್ನ ನೆಗೆಟಿವ್‌ಗಳ ಖಾಲಿ ಆಕಾಶಗಳನ್ನು ಸಹಿಸಲಾರದೆ, ನೆಗೆಟಿವ್‌ಗಳ ಮೇಲೆಯೇ ಕುಂಚದಿಂದ ಬಣ್ಣ ಹಚ್ಚಿ ಮೋಡಗಳನ್ನು ಬರೆದನು. ಆ ಮೋಡಗಳು ಎಷ್ಟು ಮೃದುವಾಗಿವೆಯೆಂದರೆ ಅವು ಸುಳ್ಳೆಂದು ಬಲ್ಲವರಿಗೂ ಮಳೆಯ ಆಸೆಯಾಗಬೇಕು.

ಬಿಗ್ಸ್ ಮತ್ತು ಮೇಜರ್ ಲಾಕ್ ತೆಗೆದ ಚಿತ್ರಗಳು 1866ರಲ್ಲಿ ಲಂಡನ್ನಿನ ಜಾನ್ ಮರ್ರೇ ಪ್ರಕಾಶನದಿಂದ ವಿಜಯಪುರದ ವಾಸ್ತುವನ್ನು ಕುರಿತ ದೊಡ್ಡ ಗ್ರಂಥವಾಗಿ ಹೊರಬಂದವು. ಅದಕ್ಕೆ ಐತಿಹಾಸಿಕ ಪ್ರಬಂಧವನ್ನು ಬರೆದವನು ಸುರಪುರದಲ್ಲಿಯೂ ಆಮೇಲೆ ನಮ್ಮ ಸೋಲಾಪುರಕ್ಕೆ ನೆರೆಯಾದ ನಳದುರ್ಗದಲ್ಲಿಯೂ ಅಧಿಕಾರ ನಡೆಸಿದ್ದ ಮೆಡೋಸ್ ಟೇಲರ್. ಈ ಗ್ರಂಥದಲ್ಲಿ ನನ್ನ ಕುತೂಹಲವನ್ನು ಕೆರಳಿಸುವ ಸಂಗತಿಯೆಂದರೆ, ಅದರ ಎಲ್ಲ ಚಿತ್ರಗಳೂ ಸ್ಥಳದಲ್ಲಿ ತೆಗೆದವುಗಳಲ್ಲ. ಕ್ಯಾಪ್ಟನ್ ಹಾರ್ಟ್, ಕಮಿಂಗ್ ಎಂಬ ಎಂಜಿನಿಯರು ಮತ್ತು ದೇಶೀಯ ನಕ್ಷೆಗಾರರು ಬರೆದ ರೇಖಾಚಿತ್ರಗಳನ್ನೇ ಮತ್ತೆ ಕ್ಯಾಮೆರಾದಿಂದ ಹಿಡಿದು ಸೇರಿಸಿದ್ದಾರೆ. ಗೋಳಗುಮ್ಮಟದ ಒಳಗೆ ನಿಂತು ಮೇಲೆ ನೋಡಿದವರಿಗೆ ಇದರ ಔಚಿತ್ಯ ತಾನಾಗಿ ಹೊಳೆಯುತ್ತದೆ: ಎದುರಿನ ಬಾಗಿಲಿನಲ್ಲಿ ಕಣ್ಣು ಕುಕ್ಕುವ ಹಗಲು, ತಲೆಯ ಮೇಲೆ ಗುಮ್ಮಟದ ಒಳಮೈಯಲ್ಲಿ ಸಂಜೆಗತ್ತಲು, ಒಂದಕ್ಕೊಂದು ಹೆಣೆದುಕೊಂಡ ಕಮಾನುಗಳ ಹಿಂದೆ ನಡುರಾತ್ರಿ. ಆ ಮೂರು ಹೊತ್ತುಗಳನ್ನು ಒಟ್ಟಿಗೆ ಕೂಡಿಸುವ ಶಕ್ತಿ ಅಂದು ಇದ್ದುದು ಲೇಖನಿಗೆ ಮಾತ್ರ. ಸೈನಿಕರ ಹೆಸರುಗಳನ್ನು ಹುದ್ದೆಸಮೇತ ಅಚ್ಚಿಸಿದ ಮುಖಪುಟವು ಆ ನಕ್ಷೆಗಾರರನ್ನು ‘ದೇಶೀಯರು’ ಎಂಬ ಒಂದೇ ಪದದಲ್ಲಿ ಮುಗಿಸಿತೆಂಬುದನ್ನೂ ಹೇಳದೆ ಮುಂದುವರಿಯಲಾರೆ.

ಯೂರೋಪಿನಲ್ಲಿ ಇದೇ ಸಂಕಟಕ್ಕೆ ಬೇರೊಂದು ಉಪಾಯ ಹೊಳೆದಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1856–57ರ ಸುಮಾರಿನಲ್ಲಿ ಕಡಲಿನ ಚಿತ್ರಗಳನ್ನು ಮಾಡುವಾಗ, ನೀರಿಗಾಗಿ ಒಂದು, ಆಕಾಶಕ್ಕಾಗಿ ಇನ್ನೊಂದು ಎಂದು ಎರಡು ನೆಗೆಟಿವ್‌ಗಳನ್ನು ತೆಗೆದು, ದಿಗಂತದ ಗೆರೆಯಲ್ಲಿ ಅವನ್ನು ಬೆಸೆದು ಒಂದೇ ಕಾಗದದ ಮೇಲೆ ಅಚ್ಚಿಳಿಸಿದನು. ಇಂದಿನ ಎಲ್ಲ ತಂತ್ರಾಂಶಗಳ ಮೂಲಪುರುಷನೆಂದು ಯಾರನ್ನಾದರೂ ಕರೆಯಬೇಕಾದರೆ ಈತನನ್ನೇ ಕರೆಯಬೇಕು. ಏಕೆಂದರೆ ಬೆಳಕಿಗೊಂದು, ನೆಳಲಿಗೊಂದು ಎಂದು ಬೇರೆ ಬೇರೆ ಅವಧಿಯ ದರ್ಶನಗಳನ್ನು ಪಡೆದು ಕೂಡಿಸುವ ಮೂಲಸೂತ್ರ ಅಲ್ಲಿಂದಾಚೆಗೆ ಬದಲಾಗಿಲ್ಲ.

ನಮ್ಮ ಸ್ಟುಡಿಯೋಗಳಲ್ಲಿ ಆ ಸೂತ್ರ ಬಹುಮಟ್ಟಿಗೆ ಬೆರಳುಗಳ ವಿದ್ಯೆಯಾಗಿ ನೆಲೆಸಿತು. ಆಯಿಯ ಚಿತ್ರದ ಪ್ರತಿಯನ್ನು ತರಲು ಅಪ್ಪನೊಡನೆ ಸೋಲಾಪುರಕ್ಕೆ ಹೋದಾಗ, ಗಲ್ಲಿಯೊಂದರ ಮಹಡಿಯ ಮೆಟ್ಟಿಲ ಕೆಳಗಿನ ಆ ಕತ್ತಲ ಕೋಣೆಯನ್ನು ನಾನು ಒಳಹೊಕ್ಕು ಕಂಡಿದ್ದೇನೆ. ಕೆಂಪು ದೀಪದ ಕೆಳಗೆ ಮೂರು ತಟ್ಟೆಗಳು: ಡೆವಲಪರು, ನೀರು, ಹೈಪೋ. ಎನ್‌ಲಾರ್ಜರಿನ ಬೆಳಕು ಕಾಗದದ ಮೇಲೆ ಬೀಳುತ್ತಿದ್ದಷ್ಟು ಹೊತ್ತೂ ಆ ಛಾಯಾಗ್ರಾಹಕ ಗೃಹಸ್ಥರ ಕೈಗಳು ಒಂದೆಡೆ ನಿಲ್ಲಲಿಲ್ಲ. ಸೈಕಲ್ ಚಕ್ರದ ಕಡ್ಡಿಯೊಂದರ ತುದಿಗೆ ಅಂಟಿಸಿದ ರೂಪಾಯಿಯಗಲದ ಕರಿಯ ರಟ್ಟನ್ನು ಬೆಳಕಿನ ದಾರಿಯಲ್ಲಿ ಅಲ್ಲಾಡಿಸುತ್ತ ಆಯಿಯ ಕೆನ್ನೆ ಕಪ್ಪಾಗದಂತೆ ಕಾದರು. ಆಮೇಲೆ ಎರಡು ಅಂಗೈಗಳನ್ನೂ ಕೂಡಿಸಿ, ನಡುವೆ ಬೊಗಸೆಯ ಸಂದಿನಷ್ಟೇ ತೆರವು ಬಿಟ್ಟು, ಅಂಗಳದ ಭಾಗಕ್ಕೆ ಹೆಚ್ಚಿನ ಬೆಳಕನ್ನು ಸುರಿದರು. ರಟ್ಟು ನಿಶ್ಚಲವಾಗಿ ನಿಂತರೆ ಅದರ ಅಂಚು ಕಾಗದದ ಮೇಲೆ ವರ್ತುಲವಾಗಿ ಮೂಡುವುದರಿಂದ ಕೈ ಸದಾ ನಡುಗುತ್ತಿರಬೇಕಾಗಿತ್ತು. ಹೊತ್ತನ್ನು ಅವರು ಎಣಿಸುತ್ತಿದ್ದುದು ತಮ್ಮ ಮನೆಮಾತಾದ ತೆಲುಗಿನಲ್ಲಿ, ಸ್ಟುಡಿಯೋದ ಹುಡುಗನನ್ನು ಗದರುತ್ತಿದ್ದುದು ಮರಾಠಿಯಲ್ಲಿ, ನಮ್ಮೊಡನೆ ಮಾತು ಕನ್ನಡದಲ್ಲಿ. ಸೋಲಾಪುರದಲ್ಲಿ ಅದು ವಿಶೇಷವೇನಲ್ಲ.

ಬೆರಳಿಗೆ ಮುಂಚೆ ಕಾಗದದ ಆಯ್ಕೆ ಇತ್ತು. ಬಿಸಿಲಿನಲ್ಲಿ ತೆಗೆದ, ಕಪ್ಪುಬಿಳುಪುಗಳ ಕದನ ಜೋರಾಗಿರುವ ನೆಗೆಟಿವ್‌ಗೆ ‘ಸಾಫ್ಟ್’ ಕಾಗದ, ಮೋಡದ ದಿನದ ಸಪ್ಪೆ ನೆಗೆಟಿವ್‌ಗೆ ‘ಹಾರ್ಡ್’ ಕಾಗದ; ಆಗ್ಫಾ ಕೊಡಾಕುಗಳ ಪೊಟ್ಟಣಗಳ ಜತೆಗೆ, 1960ರಲ್ಲಿ ಉದಕಮಂಡಲದಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಮುದ್ರೆಯ ಪೊಟ್ಟಣಗಳೂ ಕಪಾಟಿಗೆ ಬಂದವು. ಇಷ್ಟರಿಂದಲೂ ನೆಳಲು ಬೆಳಗದಿದ್ದರೆ ನೆಗೆಟಿವ್‌ನ ಬೆನ್ನಿಗೆ ಕೆಂಪು ಬಣ್ಣವನ್ನು ತೆಳ್ಳಗೆ ಸವರುತ್ತಿದ್ದರು. ಕಾಗದಕ್ಕೆ ಕೆಂಪು ಕಾಣದಾದ್ದರಿಂದ, ಸವರಿದಷ್ಟು ಜಾಗಕ್ಕೆ ಬೆಳಕು ಕಡಮೆ ತಲುಪಿ ಅಲ್ಲಿನ ಕಪ್ಪು ಬೂದಾಗಿ ತಿಳಿಯಾಗುತ್ತಿತ್ತು. ಸಾಧಾರಣವಾಗಿ ಇದಕ್ಕೆ ಕುಂಚ; ಅವಸರವಿದ್ದರೆ ಬೆರಳು.

ಈ ಕೈಚಳಕಕ್ಕೆ ಶಾಸ್ತ್ರವೂ ಇಲ್ಲದಿರಲಿಲ್ಲ. ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬಿಬ್ಬರು 1890ರಲ್ಲಿ, ಫಲಕದ ಮೇಲೆ ಬಿದ್ದ ಬೆಳಕಿಗೂ ಅಲ್ಲಿ ಮೂಡಿದ ಕಪ್ಪಿಗೂ ಇರುವ ಸಂಬಂಧವನ್ನು ಮಲಗಿದ ‘ಎಸ್’ ಅಕ್ಷರದಂಥ ಒಂದು ವಕ್ರರೇಖೆಯಾಗಿ ಬರೆದು ತೋರಿಸಿದ್ದರು. ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಸುಮಾರಿಗೆ ಅದನ್ನೇ ಆಧರಿಸಿ, ಕಡುಗಪ್ಪಿನಿಂದ ಅಚ್ಚಬಿಳಿಯವರೆಗಿನ ಛಾಯೆಗಳನ್ನು ವಲಯಗಳಾಗಿ ವಿಂಗಡಿಸಿ, ದೃಶ್ಯದ ಯಾವ ಭಾಗ ಯಾವ ವಲಯದಲ್ಲಿ ಕೂರಬೇಕೆಂದು ಕ್ಯಾಮೆರಾದ ಗುಂಡಿ ಒತ್ತುವ ಮೊದಲೇ ನಿಶ್ಚಯಿಸುವ ಪದ್ಧತಿಯನ್ನು ಕಟ್ಟಿದರು. ನಮ್ಮ ಸೋಲಾಪುರದ ಗೃಹಸ್ಥರು ಈ ಹೆಸರುಗಳನ್ನು ಕೇಳಿದ್ದರೆಂದು ನಾನು ಹೇಳಲಾರೆ; ಅವರ ಮಾಪಕ ಆಯಿಯ ಕೆನ್ನೆಯಾಗಿತ್ತು.

ಬೆರಳಿನಿಂದ ಈ ಕೆಲಸ ಅಂಕಿಗೆ ಜಾರಿದ ಬಗೆ ವಿಚಿತ್ರವಾಗಿದೆ. ಅಣ್ವಸ್ತ್ರ ಪರೀಕ್ಷೆಯ ಬೆಂಕಿಯುಂಡೆಯನ್ನು ಚಿತ್ರಿಸಲೋಸುಗ ಚಾರ್ಲ್ಸ್ ವೈಕಾಫ್ ಎಂಬಾತ, ಬೇರೆ ಬೇರೆ ವೇಗದ ಮೂರು ಪದರಗಳನ್ನು ಒಂದೇ ಫಿಲಮ್ಮಿನಲ್ಲಿ ಹಚ್ಚಿ, ಹತ್ತು ಕೋಟಿ ಪಟ್ಟಿನ ಅಂತರವನ್ನೂ ಹಿಡಿಯಬಲ್ಲ ಸಾಮಗ್ರಿಯನ್ನು ಮಾಡಿದನು; ಮಾನವನು ಕಂಡ ಅತಿ ಪ್ರಖರವಾದ ಬೆಳಕು ಹೀಗೆ ನೆಳಲಿನ ವಿದ್ಯೆಗೂ ಕಾರಣವಾಯಿತು. 1980ರ ದಶಕದಲ್ಲಿ ಬರ್ಕ್ಲಿಯ ಪ್ರಯೋಗಶಾಲೆಯಲ್ಲಿ ಗ್ರೆಗ್ ವಾರ್ಡ್ ಕಟ್ಟಡಗಳೊಳಗಿನ ಬೆಳಕನ್ನು ಗಣಿಸುವ ‘ರೇಡಿಯನ್ಸ್’ ಎಂಬ ತಂತ್ರಾಂಶವನ್ನು ರಚಿಸುವಾಗ, ಅಷ್ಟು ದೊಡ್ಡ ಅಂತರವನ್ನು ಚಿಕ್ಕ ಕಡತದಲ್ಲಿ ಹಿಡಿದಿಡುವ ಒಂದು ಲಿಪಿಯನ್ನೂ ಕಂಡುಹಿಡಿಯಬೇಕಾಯಿತು. 1995ರಲ್ಲಿ ಸ್ಟೀವ್ ಮ್ಯಾನ್ ಮತ್ತು ರೋಸಲಿಂಡ್ ಪಿಕಾರ್ಡ್, ಒಂದೇ ದೃಶ್ಯದ ಬೇರೆ ಬೇರೆ ಒಡ್ಡಿಕೆಗಳನ್ನು, ಅಂದರೆ ಎಕ್ಸ್‌ಪೋಷರುಗಳನ್ನು, ಗಣಿತದಿಂದ ಕೂಡಿಸುವ ಕ್ರಮವನ್ನು ಪ್ರಕಟಿಸಿದರು. ಎರಡು ವರ್ಷಗಳ ಮೇಲೆ ಪಾಲ್ ಡೆಬೆವೆಕ್, ಮಥುರೆಯಲ್ಲಿ ಹುಟ್ಟಿ ಕಾನ್‌ಪುರದ ಐಐಟಿಯಲ್ಲಿ ಕಲಿತ ಜಿತೇಂದ್ರ ಮಲಿಕ್ ಅವರೊಡನೆ ಬರೆದ ಪ್ರಬಂಧವೇ ಈ ಮಾರ್ಗವನ್ನು ಹೆದ್ದಾರಿಯಾಗಿಸಿತು. ಅವರ ಉದಾಹರಣೆಯ ಚಿತ್ರ ಒಂದು ಇಗರ್ಜಿಯ ಒಳಭಾಗ: ಬಣ್ಣದ ಗಾಜಿನ ಕಿಟಕಿಗಳು ಉರಿಯುತ್ತಿವೆ, ತೊಲೆಗಳ ಮೂಲೆಗಳು ಕತ್ತಲಲ್ಲಿವೆ. ಮೂವತ್ತು ಸೆಕೆಂಡಿನಿಂದ ಸೆಕೆಂಡಿನ ಸಾವಿರದಲ್ಲೊಂದು ಪಾಲಿನವರೆಗೆ, ಪ್ರತಿಸಲವೂ ಬೆಳಕನ್ನು ಅರ್ಧಕ್ಕೆ ಇಳಿಸುತ್ತ ಅವರು ತೆಗೆದ ಒಡ್ಡಿಕೆಗಳು 16. ಆ ಹದಿನಾರರಿಂದ ಅವರು ಮೊದಲು ಹೊರತೆಗೆದದ್ದು ಏನನ್ನು ಎಂದರೆ, ಕ್ಯಾಮೆರಾದ ಪ್ರತಿಕ್ರಿಯೆಯ ವಕ್ರರೇಖೆಯನ್ನು. ಹರ್ಟರ್ ಡ್ರಿಫೀಲ್ಡರ ಮುದುಕ ರೇಖೆ ಗಣಕದ ಬಾಗಿಲು ತಟ್ಟಿ ಒಳಗೆ ಬಂದಂತಾಯಿತು.

ಆದರೆ ಹಿಡಿದದ್ದನ್ನು ತೋರಿಸುವುದು ಬೇರೆಯೇ ಸಮಸ್ಯೆ. ಕಡತದೊಳಗೆ ಲಕ್ಷಪಟ್ಟಿನ ಅಂತರವಿದ್ದರೇನು, ಪರದೆಗೂ ಕಾಗದಕ್ಕೂ ಅದರ ತೀರ ಚಿಕ್ಕ ಅಂಶವಷ್ಟೇ ದಕ್ಕುವುದು. ಅದಕ್ಕೆ ತಕ್ಕಂತೆ ಕುಗ್ಗಿಸುವ ಕ್ರಿಯೆಗೆ ಟೋನ್ ಮ್ಯಾಪಿಂಗ್ ಎಂದು ಹೆಸರು. 2002ನೆಯ ಇಸವಿ ಈ ವಿದ್ಯೆಯ ಸುಗ್ಗಿ. ಎರಿಕ್ ರೈನ್‌ಹಾರ್ಡ್ ಮತ್ತು ಸಂಗಡಿಗರು ಆಡಮ್ಸನ ವಲಯಪದ್ಧತಿಯನ್ನೂ ಕತ್ತಲ ಕೋಣೆಯ ರಟ್ಟು ಬೆರಳುಗಳ ವಿದ್ಯೆಯನ್ನೂ ಬಹಿರಂಗವಾಗಿಯೇ ಆದರ್ಶವಾಗಿಟ್ಟುಕೊಂಡು ಸೂತ್ರ ರಚಿಸಿದರು. ಡ್ಯೂರಾಂಡ್ ಮತ್ತು ಡಾರ್ಸಿ ಚಿತ್ರವನ್ನು ಸ್ಥೂಲವಾದ ಬೆಳಕಿನ ಪದರ, ಸೂಕ್ಷ್ಮವಾದ ವಿವರಗಳ ಪದರ ಎಂದು ಸೀಳಿ, ಮೊದಲನೆಯದನ್ನು ಮಾತ್ರ ಒತ್ತಿದರು. ಫತ್ತಾಲ್ ಮತ್ತಿಬ್ಬರು ಬೆಳಕಿನ ಏರಿಳಿತಗಳ ಇಳಿಜಾರುಗಳನ್ನೇ ತಗ್ಗಿಸಿ ಚಿತ್ರವನ್ನು ಪುನಃ ಕಟ್ಟಿದರು. ಸೈಕಲ್ ಕಡ್ಡಿಯ ತುದಿಯ ರಟ್ಟು ಇಷ್ಟು ಗಣಿತವನ್ನು ಬಲ್ಲುದೆಂದು ಆ ಗೃಹಸ್ಥರಿಗೆ ಯಾರಾದರೂ ಹೇಳಿದ್ದರೆ ಅವರು ನಕ್ಕುಬಿಡುತ್ತಿದ್ದರು.

ಅಲ್ಲಿಂದ ಮುಂದಿನದು ಅಂಗಡಿಯ ಕಥೆ, ಬೇಗ ಹೇಳಿ ಮುಗಿಸಬಹುದು. 2003ರಲ್ಲಿ ಫೋಟೋಮ್ಯಾಟಿಕ್ಸ್ ಬಂದಿತು. 2005ರಲ್ಲಿ ಫೋಟೋಶಾಪ್ ತನ್ನ ಸಿಎಸ್2 ಆವೃತ್ತಿಯಲ್ಲಿ ಒಡ್ಡಿಕೆಗಳನ್ನು ಕೂಡಿಸುವ ಸೌಕರ್ಯವನ್ನು ಸೇರಿಸಿತು. ಉಚಿತವಾಗಿ ದೊರೆಯುವ, ಉಚ್ಚರಿಸಲಾಗದ ಹೆಸರಿನ ಒಂದು ತಂತ್ರಾಂಶ ಆಮೇಲೆ ಲ್ಯೂಮಿನನ್ಸ್ ಎಚ್‌ಡಿಆರ್ ಎಂಬ ಸುಲಭವಾದ ಹೆಸರನ್ನು ತಳೆದು, ಮೇಲೆ ಹೇಳಿದ ಪಂಡಿತರೆಲ್ಲರ ಸೂತ್ರಗಳನ್ನೂ ಒಂದೇ ಪಟ್ಟಿಯಲ್ಲಿ ಜೋಡಿಸಿಕೊಟ್ಟಿತು. ಮರ್ಟೆನ್ಸ್, ಕೌಟ್ಜ್, ವ್ಯಾನ್ ರೀತ್ ಎಂಬ ಮೂವರು 2007ರಲ್ಲಿ, ಮಹಾಕಡತವೂ ಬೇಡ ಕುಗ್ಗಿಸುವುದೂ ಬೇಡ, ಪ್ರತಿ ಒಡ್ಡಿಕೆಯಲ್ಲಿಯೂ ಚೆನ್ನಾಗಿ ಬಂದಿರುವ ಭಾಗಗಳನ್ನಷ್ಟೇ ಆರಿಸಿ ನಯವಾಗಿ ಬೆಸೆದರಾಯಿತೆಂಬ ಸರಳ ಮಾರ್ಗವನ್ನು ತೋರಿದರು. ಅದನ್ನು ಅನುಸರಿಸಿದ ಎನ್‌ಫ್ಯೂಸ್, ಲ ಗ್ರೇಯ ನೇರ ವಂಶಜ. 2010ರಲ್ಲಿ ನಿಕ್ ಸಂಸ್ಥೆಯ ಎಚ್‌ಡಿಆರ್ ಎಫೆಕ್ಸ್ ಪ್ರೊ, 2015ರಲ್ಲಿ ಆರೋರಾ, ಅದೇ ವರ್ಷ ಲೈಟ್‌ರೂಮಿನೊಳಗಣ ಸಂಯೋಜನೆ. ನಿಕ್ಕನ್ನು 2012ರಲ್ಲಿ ಗೂಗಲ್ ಕೊಂಡು, 2016ರಲ್ಲಿ ಪುಕ್ಕಟೆ ಹಂಚಿ, 2017ರಲ್ಲಿ ಡಿಎಕ್ಸ್ಓ ಎಂಬ ಫ್ರೆಂಚ್ ಸಂಸ್ಥೆಗೆ ಮಾರಿದ ವೃತ್ತಾಂತದಲ್ಲಿ, ನಮ್ಮ ಸೀಮೆಯ ಎತ್ತಿನ ಸಂತೆಯ ಸ್ವಾರಸ್ಯವಿದೆ.

ಇಷ್ಟು ಬಗೆಗಳು ಒದಗಿದ ಮೇಲೆ ಹೋಲಿಕೆಯ ಚಟ ಹುಟ್ಟದಿರುವುದು ಹೇಗೆ? ಒಂದೇ ದೃಶ್ಯದ ಮೂರು ಅಥವಾ ಐದು ಒಡ್ಡಿಕೆಗಳನ್ನು ಎಲ್ಲ ತಂತ್ರಾಂಶಗಳಿಗೂ ಉಣಿಸಿ, ಬಂದ ಫಲಗಳನ್ನು ಸಾಲಾಗಿಟ್ಟು, ಹೆಚ್ಚು ‘ಕಾಣಿಸಿದ್ದು’ ಯಾವುದೋ ಅದಕ್ಕೆ ಪಟ್ಟ ಕಟ್ಟುವ ರೂಢಿ ಛಾಯಾಗ್ರಾಹಕರಲ್ಲಿ ಬೆಳೆಯಿತು. ಆ ವರ್ಷಗಳಲ್ಲಿ ಮದುವೆಯ ಆಲ್ಬಮ್ಮುಗಳಿಗೂ ಕ್ಯಾಲೆಂಡರುಗಳಿಗೂ ನುಗ್ಗಿದ, ಮೋಡಗಳೆಲ್ಲ ಕಬ್ಬಿಣದಂತೆ, ಮುಖಗಳೆಲ್ಲ ಹುರಿದಂತೆ, ಕಲ್ಲುಗಳೆಲ್ಲ ತೊಯ್ದಂತೆ ಕಾಣುವ ಚಿತ್ರಗಳು ಈ ಪಟ್ಟಾಭಿಷೇಕದ ಫಲ. ನಾನೂ ಈ ಚಟಕ್ಕೆ ಒಳಗಾದವನೇ. ಗೋಳಗುಮ್ಮಟದಲ್ಲಿ ಮುಕ್ಕಾಲಿ ನಿಲ್ಲಿಸಲು ಅನುಮತಿ ಬೇಕಾದುದರಿಂದ ಕ್ಯಾಮೆರಾವನ್ನು ನೆಲದ ಮೇಲೆ ಅಂಗಾತ ಮಲಗಿಸಿ, ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಏಳು ಒಡ್ಡಿಕೆಗಳನ್ನು ತೆಗೆದು ತಂದು ಮೂರು ಬಗೆಯ ವಿಧಾನಗಳಿಗೆ ಒಪ್ಪಿಸಿದೆ. ಇಡೀ ಚಿತ್ರಕ್ಕೆ ಒಂದೇ ನಿಯಮವನ್ನು ಹಾಕುವ ವಿಧಾನ ಗುಮ್ಮಟದ ದುಂಡನ್ನು ಉಳಿಸಿತು, ಆದರೆ ಕಮಾನಿನ ಗಾರೆಯ ಮೈ ನುಣ್ಣಗಾಗಿ ಹೋಯಿತು. ಜಾಗಜಾಗಕ್ಕೂ ಬೇರೆ ನಿಯಮವನ್ನು ಹಾಕುವ ವಿಧಾನ ಗಾರೆಯ ಒಂದೊಂದು ಬಿರುಕನ್ನೂ ಎತ್ತಿ ತೋರಿಸಿ, ಕಿಟಕಿಯ ಅಂಚಿನಲ್ಲಿ ಎಳ್ಳಿನಷ್ಟು ದಪ್ಪದ ಬಿಳಿಯ ಪ್ರಭಾವಳಿಯೊಂದನ್ನು ತಾನಾಗಿ ಕೊಟ್ಟಿತು. ನಿಶ್ಚಲವಾಗಿ ನಿಂತ ರಟ್ಟು ಕಾಗದದ ಮೇಲೆ ಬಿಡುತ್ತಿದ್ದ ವರ್ತುಲವೇ ಅದು, ಕೈ ನಡುಗಬೇಕೆಂಬುದನ್ನು ಸೂತ್ರಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಆರಿಸಿ ಬೆಸೆಯುವ ಮೂರನೆಯ ವಿಧಾನದಲ್ಲಿ ಪ್ರಭಾವಳಿ ಅಷ್ಟಾಗಿ ಇಲ್ಲ, ಕರ್ಕಶತೆಯಿಲ್ಲ, ಸ್ವಲ್ಪ ಸಪ್ಪೆ. ನನಗೆ ಅದೇ ರುಚಿಸಿತು, ಬಹುಶಃ ವಯಸ್ಸಿನ ದೋಷ.

ಸೋಲಾಪುರದ ಸಂಕ್ರಾಂತಿಯ ಯಾತ್ರೆಯಲ್ಲಿ ಮಾತ್ರ ಮೂರೂ ವಿಧಾನಗಳು ಸೋತವು. ಹನ್ನೆರಡನೆಯ ಶತಮಾನದ ವಚನಕಾರ, ಸೊನ್ನಲಿಗೆಯ ಶಿವಯೋಗಿ ಸಿದ್ಧರಾಮನು ಸ್ಥಾಪಿಸಿದನೆಂಬ 68 ಲಿಂಗಗಳನ್ನು ಸುತ್ತಿ, ಏಳು ನಂದಿಧ್ವಜಗಳು ಕೆರೆಯ ದಂಡೆಯ ಸಮ್ಮತಿ ಕಟ್ಟೆಗೆ ಬರುತ್ತವೆ. ಕುಂಬಾರ ಕನ್ಯೆಗೂ ಸಿದ್ಧರಾಮನ ಯೋಗದಂಡಕ್ಕೂ ನಡೆದ ಮದುವೆಯ ಸ್ಮರಣೆಯಾಗಿ ಅಲ್ಲಿ ಅಕ್ಷತೆ ಬೀಳುತ್ತದೆ. ಭಕ್ತರೆಲ್ಲ ತೊಡುವುದು ಬಿಳಿಯ ಬಾರಾಬಂದಿ. ಜನವರಿಯ ಬಿಸಿಲಿನಲ್ಲಿ ಸಾವಿರಾರು ಬಿಳಿಯ ಬಾರಾಬಂದಿಗಳು, ಅವುಗಳ ನಡುವೆ ಬಿಸಿಲುಂಡ ಮುಖಗಳು, ಹಿಂದೆ ಗುಡಿಯ ನೆಳಲು: ಎಚ್‌ಡಿಆರ್ ಹುಟ್ಟಿದ್ದೇ ಇದಕ್ಕಾಗಿ ಎನಿಸುವಂಥ ದೃಶ್ಯ. ಆದರೆ ಮೂರು ಒಡ್ಡಿಕೆಗಳ ನಡುವಿನ ಅರೆಸೆಕೆಂಡಿನಲ್ಲಿ ಧ್ವಜ ಹೊತ್ತವನು ಒಂದು ಹೆಜ್ಜೆ ಮುಂದಿಟ್ಟಿದ್ದ. ಕೂಡಿಸಿದ ಚಿತ್ರದಲ್ಲಿ ಆತ ಪಾರದರ್ಶಕವಾದ ಮೂವರಾಗಿ, ಒಂದೇ ಧ್ವಜವನ್ನು ಹೊತ್ತು ನಿಂತಿದ್ದ. ಇಂಥವಕ್ಕೆ ಕಸುಬಿನವರು ದೆವ್ವವೆಂದೇ ಕರೆಯುತ್ತಾರೆ, ಅವನ್ನು ಬಿಡಿಸುವ ಉಪಾಯಗಳೂ ತಂತ್ರಾಂಶಗಳಲ್ಲಿವೆ. ಆದರೆ ಆ ಉಪಾಯಗಳೆಲ್ಲವೂ, ಚಲಿಸಿದ ಭಾಗಕ್ಕೆ ಒಂದೇ ಒಡ್ಡಿಕೆಯನ್ನು ಇಟ್ಟುಕೊಂಡು ಉಳಿದವನ್ನು ಕೈಬಿಡುವುದರಲ್ಲಿಯೇ ಪರ್ಯವಸಾನವಾಗುತ್ತವೆ. ಯಾವುದರ ಒಂದು ಬಿಡಬೇಕು ಎಂದಿದ್ದರಷ್ಟೆ.

ಈಗ ಆ ಬಿಡುವಿಕೆಯನ್ನೂ ಯಾರೂ ಕೇಳಿ ಮಾಡುವುದಿಲ್ಲ. 2010ರಲ್ಲಿ ಐಫೋನು ಮೂರು ಒಡ್ಡಿಕೆಗಳನ್ನು ತಾನೇ ಕೂಡಿಸತೊಡಗಿತು. 2014ರ ಹೊತ್ತಿಗೆ ಗೂಗಲಿನಲ್ಲಿ ಮಾರ್ಕ್ ಲೆವಾಯ್ ಅವರ ತಂಡವು, ಉದ್ದೇಶಪೂರ್ವಕವಾಗಿ ಮಬ್ಬಾಗಿ ತೆಗೆದ ಹಲವು ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿ, ನೆಳಲಿನ ಕಾಳುಕಾಳನ್ನು ಸರಾಸರಿಯಿಂದ ತಿಳಿಗೊಳಿಸುವ ಕ್ರಮವನ್ನು ಫೋನಿಗೆ ತಂದಿತು. ನಮ್ಮೂರ ಪಕ್ಕದ ರಾಯನಗರದಲ್ಲಿ, ಬೀಡಿ ಕಟ್ಟುವವರೇ ಮೊದಲಾದ ಶ್ರಮಿಕರಿಗಾಗಿ ಕಟ್ಟಿದ ಹದಿನೈದು ಸಾವಿರ ಮನೆಗಳ ಕೀಲಿಕೈಗಳನ್ನು 2024ರ ಜನವರಿ 19ರಂದು ಕೊಟ್ಟಾಗ, ಹೊಸ ಮನೆಯ ಬಾಗಿಲಲ್ಲಿ ನಿಂತು ಫೋನಿನಲ್ಲಿ ಚಿತ್ರ ತೆಗೆಸಿಕೊಂಡ ಹೆಣ್ಣುಮಕ್ಕಳ ಬೆನ್ನ ಹಿಂದೆ ಒಳಗಿನ ಅಡುಗೆಕಟ್ಟೆಯೂ ಮುಂದೆ ಹೊರಗಿನ ಬಿಸಿಲೂ ಎರಡೂ ನಿಚ್ಚಳವಾಗಿ ಬಂದಿದ್ದವು. ಹೊಸ್ತಿಲಿನ ಸಮಸ್ಯೆ ಅಲ್ಲಿಗೆ ತೀರಿತು.

ಹಳೆಯ ಹೊಸ್ತಿಲಿನದು ತೀರಿರಲಿಲ್ಲ. ಆಯಿಯ ಚಿತ್ರದ ನೆಗೆಟಿವ್ ಅಪ್ಪನ ಟ್ರಂಕಿನಲ್ಲಿ, ಸ್ಟುಡಿಯೋದ ಕಂದು ಲಕೋಟೆಯೊಳಗೆ ಇತ್ತು. ಕಳೆದ ದೀಪಾವಳಿಯಲ್ಲಿ ಅದನ್ನು ಸ್ಕ್ಯಾನರಿನಲ್ಲಿಟ್ಟು, ಹಗುರದಿಂದ ಗಾಢದವರೆಗೆ ಐದು ಸಲ ಬೇರೆ ಬೇರೆ ಬೆಳಕಿನಲ್ಲಿ ಓದಿಸಿ, ಐದನ್ನೂ ಕೂಡಿಸಿದೆ. ನೆಗೆಟಿವ್‌ನ ಸ್ವಭಾವವೆಂದರೆ ಬೆಳಕು ಹೆಚ್ಚಾಗಿ ಬಿದ್ದೆಡೆ ಬೆಳ್ಳಿ ದಟ್ಟವಾಗಿ ಕೂಡಿಕೊಂಡು, ಕಾಗದಕ್ಕೆ ಎಟುಕದಷ್ಟು ವಿವರ ಅದರೊಳಗೆ ಅಡಗಿರುತ್ತದೆ. ಬೆಳಕು ಬೀಳದೆಡೆ ಬರಿಯ ಸ್ವಚ್ಛವಾದ ಫಿಲಮ್ಮು, ಅಲ್ಲಿ ಅಗೆದರೆ ಏನೂ ಸಿಗದು. ಸುಣ್ಣದ ಗೋಡೆಯಂತಿದ್ದ ಅಂಗಳದಿಂದ ಮೊದಲು ತುಳಸಿಕಟ್ಟೆ ಎದ್ದುಬಂತು, ಆಮೇಲೆ ಹಗ್ಗ, ಆಮೇಲೆ ಹಗ್ಗದ ತುದಿಗೆ, ಕಿವಿ ಅಲ್ಲಾಡಿಸಿ ಕೊಂಚ ಕಲಸಿಹೋದ ನನ್ನ ಕರು. ಬಾಗಿಲಿನ ಒಳಗನ್ನು ಎಷ್ಟು ಎತ್ತಿದರೂ ತೊಟ್ಟಿಲು ಬರಲಿಲ್ಲ. ಬದಲಿಗೆ ಬೂದಿನ ನಡುವಿನ ಆ ಗುಂಡು ಆಕಾರ ಬಿಚ್ಚಿಕೊಂಡು, ಒಂದರೊಳಗೊಂದು ಬಾಗಿದ ನವಿರಾದ ಗೆರೆಗಳಾಯಿತು. ನೆಗೆಟಿವನ್ನು ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ: ಬಾಗಿಲು ಇದ್ದ ಜಾಗದಲ್ಲಿ, ಫಿಲಮ್ಮಿನ ಬೆನ್ನಿಗೆ, ಒಣಗಿ ತಿಳಿಯಾದ ಕೆಂಪು ಬಣ್ಣದಲ್ಲಿ ಹೆಬ್ಬೆರಳಿನ ಗುರುತು.

ಅತ್ತೆಗೆ ಏನು ಹೇಳಬೇಕೆಂದು ನಾನು ಯೋಚಿಸುತ್ತಿರುವಷ್ಟರಲ್ಲಿ ಆಕೆಯೇ ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರಕ್ಕೆ ಬಂದು ಬಗ್ಗಿ ನೋಡಿದಳು. “ನಾ ಹೇಳಿರಲಿಲ್ಲೇನು,” ಎಂದಳು, “ನೋಡಲ್ಲಿ, ರುಮಾಲಿನ ಸುತ್ತ ಸೈತ ಕಾಣಾಕತ್ತಾವ.”